ಕ್ವಾರಿ ತಿರುವು ದಾಟಿದ ಮಾತು

ಹಿಂದಿನ ದಿನ ನಮ್ಮ ಮನೆಯವರು ನನ್ನ ಹತ್ತಿರ ಒಂದು ಕಂದು ಗುಂಡಿ ಕೇಳಿದರು.

"ಯಾತಕ್ಕೆ?" ಅಂದೆ.

"ಕ್ವಾರಿ ತಿರುವಿಗೆ."

ಡಬ್ಬಿಯಲ್ಲಿ ಆ ಬಣ್ಣದ್ದು ಒಂದೇ ಇತ್ತು. ಯಾರದೋ ಕೋಟಿಗೆ ಹಾಕಬೇಕಾದದ್ದು. ಕೊಡುವುದಿಲ್ಲ ಅಂದೆ.

"ಎರಡು ದಿನದ ಮಟ್ಟಿಗೆ ಕೊಡೇ. ಈ ಸೆಕೆಯಲ್ಲಿ ಅವರ ಕೋಟು ಎಲ್ಲಿಗೆ ಹೋಗ್ಬೇಕು?"

"ನಿಮ್ಮ ಟವರ್ ಮಾತ್ರ ಎಲ್ಲಿಗೆ ಹೋಗ್ಬೇಕು?" ಅಂದೆ. ಆದರೂ ಕೊಟ್ಟೆ.

ನಾನು ಬಟ್ಟೆ ಹೊಲಿಯುವವಳು. ಹೊಸದು ಹೊಲಿಯುವುದು ಕಡಿಮೆ. ಉದ್ದ ಮೊಟಕು ಮಾಡುವುದು, ಸೊಂಟ ಸಡಿಲ ಬಿಡುವುದು, ಜಿಪ್ ಬದಲಿಸುವುದು, ಇದೇ ಹೆಚ್ಚು. ಅವರು ಮೊಬೈಲ್ ಕಂಪನಿಯ ಆಫೀಸಿನಲ್ಲಿದ್ದರು. ನಾವು ಮೊಬೈಲು ಹಿಡಿದುಕೊಂಡು ಆಡುವ ಮಾತು ಟವರಿಗೆ ಹೋಗುತ್ತದೆ. ಅಂಥ ಎಷ್ಟೋ ಟವರುಗಳನ್ನು ನೋಡಿಕೊಳ್ಳಲು ಒಂದು ಕಂಟ್ರೋಲರ್ ಇರುತ್ತದೆ. ಹೊಸ ಕಂಟ್ರೋಲರ್ ಬಂದರೆ ಅದಕ್ಕೆ ಮೊದಲ ಡೇಟಾ ಬರೆದುಕೊಡುವುದು ಅವರ ಕೆಲಸ. ನಾನು ಹೆಚ್ಚು ಓದಿದವಳಲ್ಲ. ಅವರು ಹೇಳಿದ ಹಾಗೆ ಬರೆಯುತ್ತೇನೆ.

ಮದುವೆಯಾದ ಹೊಸತರಲ್ಲಿ ನಿಮ್ಮ ಕೆಲಸ ಏನು ಅಂತ ಕೇಳಿದ್ದೆ. ಅತ್ತೆಯೂ ಅಲ್ಲೇ ಕೂತಿದ್ದರು.

"ಕಂಟ್ರೋಲರ್ ಅಂದ್ರೆ ಮನೆ ಯಜಮಾನಿ," ಅಂದರು ಇವರು. "ಯಾರು ಎಲ್ಲಿರಬೇಕು, ಯಾರ ಮಾತನ್ನ ಯಾರಿಗೆ ದಾಟಿಸಬೇಕು, ಎಲ್ಲ ಅವಳೇ ನೋಡ್ಕೋಬೇಕು. ಆದ್ರೆ ಬಂದ ದಿನ ಅವಳು ಹೊಸ ಸೊಸೆ. ಏನೂ ಗೊತ್ತಿರಲ್ಲ. ತನ್ನ ಹೆಸರೂ ಗೊತ್ತಿರಲ್ಲ. ಅವಳು ಬರೋಕೆ ಮುಂಚೆ ಎಲ್ಲ ಬರೆದಿಟ್ಟಿರಬೇಕು. ನಿನ್ನ ನಂಬರ್ ಇಂಥದ್ದು, ನಿನ್ನ ಕೈಕೆಳಗಿನ ಟವರು ಇಂಥಿಂಥವು, ಇದರ ಚಾನೆಲ್ ಇದು, ಇದರ ನೆರೆಯವರು ಇವರು."

"ನಿನ್ನ ಹೆಂಡ್ತಿ ಬಂದಾಗ ಯಾರು ಬರೆದಿಟ್ಟಿದ್ರು?" ಅಂದರು ಅತ್ತೆ. "ಪಾಪ, ಉಪ್ಪಿನ ಡಬ್ಬಿ ಅವಳೇ ಹುಡುಕ್ಕೊಂಡ್ಲು."

ಅತ್ತೆ ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಎದುರಿನ ಹಲಗೆಯ ತೂತಿಗೆ ಪ್ಲಗ್ ಚುಚ್ಚಿ ಇವರಿಗೂ ಅವರಿಗೂ ಮಾತು ಜೋಡಿಸುತ್ತಿದ್ದರು. ಮಗ ಕೆಲಸದ ವಿಷಯ ತೆಗೆದರೆ ಸಾಕು, "ನಮ್ಮ ಕಾಲದಲ್ಲಿ ಕಂಟ್ರೋಲರ್ರೂ ನಾನೇ, ಟವರ್ರೂ ನಾನೇ" ಅನ್ನುವರು. ಮಗನಿಗೆ ಆ ಹುಚ್ಚು ಅವರಿಂದಲೇ ಬಂದದ್ದು.

ಅವರು ನನಗೆ ಪರಿಚಯವಾದದ್ದು ಒಂದು ಪ್ಯಾಂಟಿನಿಂದ. ಉದ್ದ ಮೊಟಕು ಮಾಡಿಸಲು ತಂದಿದ್ದರು. ಮಾಡಿಕೊಟ್ಟೆ. ಮರುದಿನ ಬಂದು ಎಡಗಾಲು ಗಿಡ್ಡವಾಗಿದೆ ಅಂದರು. ನಿಲ್ಲಿಸಿ ನೋಡಿದೆ. ಪ್ಯಾಂಟು ಸರಿಯಾಗಿಯೇ ಇತ್ತು. ಅವರೇ ಒಂದು ಕಾಲಿನ ಮೇಲೆ ಭಾರ ಬಿಟ್ಟು ವಾರೆ ನಿಲ್ಲುತ್ತಿದ್ದರು.

"ಪ್ಯಾಂಟ್ ನೆಟ್ಟಗಿದೆ, ನೀವು ನೆಟ್ಟಗೆ ನಿಂತ್ಕೊಳ್ಳಿ," ಅಂದೆ.

ಆಮೇಲೆ ಸರಿಯಾಗಿದ್ದ ಪ್ಯಾಂಟುಗಳನ್ನೆಲ್ಲ ತರತೊಡಗಿದರು. ಅಳತೆಯ ಟೇಪು ಎತ್ತಿದರೆ ನೆಟ್ಟಗೆ ನಿಲ್ಲುವರು, ಇಳಿಸಿದರೆ ವಾರೆ. ಅತ್ತೆಗೆ ಅನುಮಾನ ಬಂತು. ಒಂದು ದಿನ ತಾವೇ ಅಂಗಡಿಗೆ ಬಂದು, "ನನ್ನ ಮಗನ ಪ್ಯಾಂಟುಗಳೆಲ್ಲ ಚಡ್ಡಿ ಆಗೋಕೆ ಮುಂಚೆ ಮದುವೆ ಮಾಡ್ಕೊಂಡುಬಿಡಮ್ಮ," ಅಂದರು. ಮಾಡಿಕೊಂಡೆ.

ನಮಗೆ ಮಕ್ಕಳಾಗಲಿಲ್ಲ. ಟೇಬಲ್ ಮಾತ್ರ ಯಾವತ್ತೂ ಖಾಲಿ ಇರಲಿಲ್ಲ. ಮನೆಯಲ್ಲಿದ್ದ ದೊಡ್ಡ ಟೇಬಲ್ ಒಂದೇ, ನಾನು ಬಟ್ಟೆ ಕತ್ತರಿಸುವುದು. ಹೊಸ ಕಂಟ್ರೋಲರ್ ಬರುತ್ತದೆ ಅಂದರೆ ಅದರ ಅರ್ಧ ಅವರ ಪಾಲು. ನನ್ನ ಮಾರ್ಕಿಂಗ್ ಚಾಕಿನಲ್ಲಿ ರಸ್ತೆ ಎಳೆಯುವರು. ನನ್ನ ಗುಂಡಿಗಳನ್ನು ಟವರು ಮಾಡಿ ಇಡುವರು. ಒಂದೊಂದು ಬಣ್ಣ ಒಂದೊಂದು ಚಾನೆಲ್. ಅಕ್ಕಪಕ್ಕದ ಟವರು ಒಂದೇ ಚಾನೆಲಿನಲ್ಲಿ ಮಾತಾಡಿದರೆ ಎರಡರ ಮಾತೂ ಕಲಸಿಹೋಗುತ್ತದಂತೆ. ಹಾಗಾಗಿ ಒಂದೇ ಬಣ್ಣದ ಗುಂಡಿ ಪಕ್ಕಪಕ್ಕ ಕೂರುವ ಹಾಗಿಲ್ಲ. ಆಮೇಲೆ ಗುಂಡಿಯಿಂದ ಗುಂಡಿಗೆ ಚಾಕಿನಲ್ಲಿ ಬಾಣ. ಅದು ನೆರೆಹೊರೆ. ಮಾತಾಡುತ್ತಾ ಬಸ್ಸಿನಲ್ಲಿ ಹೋಗುತ್ತಿದ್ದರೆ ಒಂದು ಟವರು ನಮ್ಮ ಮಾತನ್ನು ಪಕ್ಕದ ಟವರಿಗೆ ದಾಟಿಸಬೇಕು. ಕೂಸನ್ನು ಕಂಕುಳಿಂದ ಕಂಕುಳಿಗೆ ಕೊಡುವ ಹಾಗೆ. ಪಕ್ಕದಲ್ಲಿ ಯಾರಿದ್ದಾರೆ ಅಂತ ಗೊತ್ತಿಲ್ಲದಿದ್ದರೆ ಯಾರಿಗೆ ಕೊಡುವುದು? ಕೂಸು ಕೆಳಗೆ ಬೀಳುತ್ತದೆ. ಮಾತು ಕಟ್ ಆಗುತ್ತದೆ.

ಕಂಪ್ಯೂಟರಿನಲ್ಲಿ ಇದೆಲ್ಲ ಇತ್ತು. ಆದರೂ ಮೊದಲು ಟೇಬಲ್ ಮೇಲೆ ಕಾಣಬೇಕು ಅನ್ನುವರು. ಹೀಗೆ ದಿನವಿಡೀ ಟವರುಗಳಿಗೆ ನಂಟು ಬೆಳೆಸುತ್ತಿದ್ದುದರಿಂದ ಆಫೀಸಿನವರು ಅವರನ್ನು "ಬೀಗರು" ಅಂತಲೇ ಕರೆಯುತ್ತಿದ್ದರು. ಒಮ್ಮೆ ಶರ್ಟಿನ ಗಿರಾಕಿಯೊಬ್ಬರು ಬಂದಾಗ ಅವರ ಬಿಳಿ ಗುಂಡಿ ಮಾರ್ಕೆಟ್ಟಿನ ಟವರಾಗಿತ್ತು. ಇವರು ಎತ್ತಲು ಬಿಡಲಿಲ್ಲ. "ಅದನ್ನ ತೆಗೆದ್ರೆ ಅರ್ಧ ಊರು ಮೂಕಾಗತ್ತೆ ಸಾರ್," ಅಂದರು. ಗಿರಾಕಿ ಎದೆ ಬಿಟ್ಟುಕೊಂಡೇ ಹೋದರು.

ಕ್ವಾರಿ ತಿರುವಿನ ತಂಟೆ ನನ್ನ ಅಕ್ಕನದು. ಅಕ್ಕ ಊರಾಚೆ ಇರುತ್ತಾಳೆ. ಊರೊಳಗಿನ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಬೆಳಿಗ್ಗೆ ಬಸ್ಸು ಹತ್ತಿ ಕೂತ ಕೂಡಲೇ ನನಗೆ ಫೋನು. ಸಂಜೆ ಬಸ್ಸು ಹತ್ತಿದಾಗಲೂ ಫೋನು. ಎರಡು ಹೊತ್ತೂ ಕಲ್ಲು ಕ್ವಾರಿಯ ತಿರುವಿನಲ್ಲಿ ಮಾತು ಸತ್ತುಹೋಗುತ್ತಿತ್ತು. ಅಲ್ಲಿಗೆ ಟವರಿನ ಸಿಗ್ನಲ್ ಮುಟ್ಟುತ್ತಿರಲಿಲ್ಲ. ಹೊಸ ಟವರು ಹಾಕೋಣ ಅಂದರೆ ಹಳೆಯ ಕಂಟ್ರೋಲರ್ ತುಂಬಿಹೋಗಿತ್ತು, ಇನ್ನೊಂದನ್ನು ಸೇರಿಸಿಕೊಳ್ಳಲು ಅದರಲ್ಲಿ ಜಾಗವಿರಲಿಲ್ಲ. ಇದು ಅಕ್ಕನಿಗೆ ಬೇಡದ ವಿಷಯ. ಅವಳ ಲೆಕ್ಕದಲ್ಲಿ ಮಾತು ಕತ್ತರಿಸುವವನು ನನ್ನ ಗಂಡ.

"ನಿನ್ನ ಗಂಡ ಕಂಪನಿ ಸೇರಿ ತಲೆ ಹಣ್ಣಾಯ್ತು. ಹೆಂಡ್ತಿ ಅಕ್ಕನ ಒಂದು ಮಾತನ್ನ ತಿರುವು ದಾಟಿಸೋಕೆ ಆಗ್ಲಿಲ್ಲ," ಅನ್ನುವಳು.

"ತಿರುವು ದಾಟಿದ ಮೇಲೂ ಮುಗೀಬೇಕಲ್ಲ ಅಕ್ಕ, ಆ ಮಾತು," ಅನ್ನುವರು ಇವರು.

ಕೊನೆಗೆ ಊರಾಚೆಯ ಭಾಗಕ್ಕೇ ಬೇರೆ ಕಂಟ್ರೋಲರ್ ಮಂಜೂರಾಯಿತು. ಕ್ವಾರಿ ತಿರುವಿಗೆ ಹೊಸ ಟವರೂ ಬಂತು. ಡೇಟಾ ಬರೆಯುವುದು ಇವರ ಪಾಲಿಗೆ. ಅಷ್ಟು ಖುಷಿಯಲ್ಲಿ ಅವರನ್ನು ನಾನು ಕಂಡಿರಲಿಲ್ಲ. "ಅಕ್ಕನ ಮಾತು ತುಂಡಾಗದೆ ತಿರುವು ದಾಟಬೇಕು, ಅಷ್ಟಾದ್ರೆ ನಾನು ಗೆದ್ದೆ," ಅಂದರು. ಮಾತು ನಿಖರವಾಗಿ ಎಲ್ಲಿ ಸಾಯುತ್ತದೆ ಅಂತ ನೋಡಲು ಅಕ್ಕನ ಮನೆಗೇ ಹೋಗಿ ಉಳಿದು, ಬೆಳಿಗ್ಗೆ ಅವಳ ಜೊತೆ ಬಸ್ಸು ಹತ್ತಿದರು. ಹತ್ತಿದವರೇ ನನಗೆ ಫೋನು ಮಾಡಿದರು.

"ನಿಲ್ಲಿಸದೆ ಮಾತಾಡ್ತಾ ಇರು."

"ಏನು ಮಾತಾಡ್ಲಿ?"

"ಬಯ್ಯಿ. ಬಯ್ಯೋವಾಗ ನೀನು ಉಸಿರೂ ತಗೊಳ್ಳಲ್ಲ."

ಸರಿ, ಶುರು ಮಾಡಿದೆ. ಹಾಸಿಗೆಯ ಮೇಲೆ ಬಿಸಾಕುವ ಒದ್ದೆ ಟವಲು. ಕಚ್ಚಿ ಹಾಳು ಮಾಡಿದ ಮಾರ್ಕಿಂಗ್ ಚಾಕ್. ಗೊರಕೆ. ನನ್ನ ಒಳ್ಳೆಯ ಕತ್ತರಿಯಲ್ಲಿ ವೈರು ಕತ್ತರಿಸಿದ್ದು. ಸಾರಿಗೆ ಉಪ್ಪು ಕಮ್ಮಿ ಅಂತ ಉಂಡಾದ ಮೇಲೆ ಹೇಳುವುದು. ನನಗೂ ಹುರುಪು ಬಂತು, ಎಷ್ಟೋ ವರ್ಷದ್ದು ಬಾಕಿ ಇತ್ತು. ಅವರು ಇನ್ನೊಂದು ಕೈಯಲ್ಲಿ ಬರೆದುಕೊಳ್ಳಬೇಕೆಂದು ಫೋನನ್ನು ಸ್ಪೀಕರಿಗೆ ಹಾಕಿಟ್ಟಿದ್ದರು. ಅದು ನನಗೆ ಗೊತ್ತಿರಲಿಲ್ಲ. ಬಸ್ಸಿಗೆ ಬಸ್ಸೇ ಕೇಳಿಸಿಕೊಂಡಿತು. ಅಕ್ಕ ಇವರು ಯಾರೋ ಗೊತ್ತೇ ಇಲ್ಲ ಅನ್ನುವ ಹಾಗೆ ಕಿಟಕಿಯಾಚೆ ನೋಡುತ್ತಾ ಕೂತಳಂತೆ. ತಿರುವಿನಲ್ಲಿ ನನ್ನ ಧ್ವನಿ ಕಟ್ ಆಯಿತು. ಇವರು ಗಡಿಬಿಡಿಯಲ್ಲಿ ಜಾಗ ಗುರುತು ಹಾಕಿಕೊಂಡರು. ಕಂಡಕ್ಟರ್ ಹತ್ತಿರ ಬಂದು ಹೇಳಿದನಂತೆ: "ನೀವು ಪುಣ್ಯವಂತರು ಸಾರ್. ನಮ್ಮನೆಯವಳದ್ದು ಟವರ್ ಇಲ್ದೇನೂ ಕೇಳತ್ತೆ."

ಆ ದಿನ ಸಂಜೆ ಅವರು ಅಕ್ಕನ ಜೊತೆ ವಾಪಸು ಹೋಗಲಿಲ್ಲ. ಬಸ್ಸಿಳಿದು ನೇರ ಆಫೀಸಿಗೆ ಹೋದರು. ಸಂಜೆ ಮನೆಗೆ ಬಂದು, "ಬಯ್ದಿದ್ರಲ್ಲಿ ಕತ್ತರಿ ವಿಷಯ ಒಂದು ನಿಜ, ಉಳಿದದ್ದೆಲ್ಲ ಸುಳ್ಳು," ಅಂದರು.

ಈಗ ಆ ಹಿಂದಿನ ದಿನದ್ದು. ಕಂದು ಗುಂಡಿ ಕೊಟ್ಟೆನಲ್ಲ, ಅದನ್ನು ತಿರುವಿನಲ್ಲಿಟ್ಟರು. ಚಾಕಿನಲ್ಲಿ ಬಾಣ ಎಳೆದರು. ಕಂಪ್ಯೂಟರಿನ ಮುಂದೆ ಕೂತು ಟಕಟಕ ಹೊಡೆದರು. ಹೊತ್ತು ಮುಳುಗುವ ಮೊದಲು ಡೇಟಾ ಆಫೀಸಿಗೆ ಕಳಿಸಿ ಮೈಮುರಿದರು. ಅಕ್ಕನಿಗೆ ಫೋನು ಮಾಡಿ, "ಇನ್ನು ನಿಮ್ಮ ಬಾಯಿಗೆ ಅಡ್ಡಿಯಿಲ್ಲ," ಅಂದರು. ಊಟಕ್ಕೆ ಎರಡನೇ ಸಲ ಹಾಕಿಸಿಕೊಂಡರು. ಅಷ್ಟೇ ಆ ದಿನ. ಬೇರೆ ಏನೂ ಆಗಲಿಲ್ಲ.

ಮರುದಿನ ಬೆಳಿಗ್ಗೆ ಆಫೀಸಿನ ಮೆಟ್ಟಿಲ ಮೇಲೆ ಕೂತರು. ಯಾರೋ ಯಾಕೆ ಬೀಗರೇ ಅಂದರು. ಒಂದು ನಿಮಿಷ ಅಂದರಂತೆ. ಮತ್ತೆ ಏಳಲಿಲ್ಲ. ಎದೆ ಅಂದರು ಡಾಕ್ಟರು.

ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬರೆದರೆ ಕಡಿಮೆಯಾಗುತ್ತದೆ ಅನ್ನುತ್ತಾರೆ. ಕಡಿಮೆಯಾಗುವುದಿಲ್ಲ. ಕೋಟಿನವರು ಬಂದು ಬಾಗಿಲಲ್ಲಿ ನಿಂತರು, ಗುಂಡಿ ಕೇಳಲಿಲ್ಲ. ನಾನೇ ಟೇಬಲಿನಿಂದ ಕಂದು ಗುಂಡಿ ತೆಗೆದು ಹೊಲಿದು ಕೊಟ್ಟೆ. ಉಳಿದ ಗುಂಡಿ ಡಬ್ಬಿಗೆ ಹಾಕಿದೆ. ಚಾಕಿನ ಗೆರೆ ಒರೆಸಿದೆ. ಹೊಟ್ಟೆ ಕೇಳುವುದಿಲ್ಲವಲ್ಲ, ಕೆಲಸ ನಡೆಯಬೇಕು. ಒಂದೇ ಒಂದು ಬೇಕಾಗಿತ್ತು ನನಗೆ. ಆ ತಿರುವಿನಲ್ಲಿ ಮಾತು ನಿಲ್ಲಬಾರದು. ಅವರು ಗೆಲ್ಲಬೇಕು.

ಅವರ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು ಆಗಾಗ ಮನೆಗೆ ಬರುತ್ತಿದ್ದರು. ದಪ್ಪ ಗಾಜಿನ ಕನ್ನಡಕ. ಅತ್ತೆ ಅವರನ್ನು ಕನ್ನಡಕ ಅಂತಲೇ ಕರೆಯುವುದು. ಒಂದು ದಿನ ಬಂದು ಕುರ್ಚಿಯ ತುದಿಯಲ್ಲಿ ಕೂತರು.

"ಅತ್ತಿಗೆ, ನಾಳೆ ಹೊಸ ಕಂಟ್ರೋಲರ್ ಶುರು. ಬೀಗರು ಬರೆದಿದ್ದನ್ನೇ ಹಾಕಿದ್ದೀವಿ. ಒಂದಕ್ಷರ ಮುಟ್ಟಿಲ್ಲ. ಆಫೀಸಲ್ಲಿ ಎಲ್ಲರೂ ಹಾಗಂತ ಮಾತಾಡ್ಕೊಂಡಿದ್ದೀವಿ."

ಮರುದಿನ ಬೆಳಿಗ್ಗೆ ಅಕ್ಕ ಫೋನು ಮಾಡಿದಳು. ಅತ್ತೆ ನನ್ನ ಪಕ್ಕಕ್ಕೆ ಅಂಟಿಕೊಂಡರು. ಅಕ್ಕ ಎಂದಿನ ಹಾಗೆ ಮಾತಾಡಲಿಲ್ಲ, ಕಂಡದ್ದನ್ನು ಹೇಳುತ್ತಾ ಹೋದಳು.

"ಪೆಟ್ರೋಲ್ ಬಂಕ್ ಬಂತು. ಕೆಟ್ಟುನಿಂತ ಲಾರಿ ಇನ್ನೂ ಇಲ್ಲೇ ಇದೆ. ಕಲ್ಲು ಒಡೆಯೋ ಮಿಷನ್ ಬಂತು. ಧೂಳು. ತಿರುಗ್ತಾ ಇದೆ ಕಣೇ. ತಿರುಗ್ತಾ ಇದೆ."

ಆಮೇಲೆ ಸದ್ದಿಲ್ಲ.

"ಅಕ್ಕಾ?"

"ಇದೀನಿ. ದಾಟಿಬಿಟ್ಟೆ. ನನಗೇ ಮಾತು ಹೊರಡ್ಲಿಲ್ಲ."

"ಬದುಕಿನಲ್ಲಿ ಒಂದೇ ಸಲ ಸುಮ್ಮನಾದ್ಲು, ಅದೂ ಇವತ್ತೇ," ಅಂದರು ಅತ್ತೆ. ಮೂವರೂ ನಕ್ಕೆವು. ಅವರು ಹೋದ ಮೇಲೆ ಆ ಮನೆಯಲ್ಲಿ ಮೊದಲ ನಗು ಅದು.

ಸಂಜೆ ಅಕ್ಕನ ಫೋನು ಬರಲಿಲ್ಲ. ಮರುದಿನ ಬೆಳಿಗ್ಗೆ ಕೇಳಿದರೆ ಸುಸ್ತು ಅಂದಳು. ಆ ಸಂಜೆಯೂ ಇಲ್ಲ. ಅಕ್ಕನಿಗೆ ಮಾತಾಡಲು ಸುಸ್ತಾಗುವುದುಂಟೇ? ನಾನೇ ಸಂಜೆ ಬಸ್ಸಿನ ಹೊತ್ತಿಗೆ ಫೋನು ಮಾಡಿದೆ. ಏನೇನೋ ನೆವ ಹೇಳಿದಳು, ಬ್ಯಾಟರಿ ಇಲ್ಲ ಅಂದಳು. ಇಡಬೇಡ ಅಂದೆ. ತಿರುವಿನಲ್ಲಿ ಕಟ್ ಆಯಿತು.

ಮನೆ ಮುಟ್ಟಿದ ಮೇಲೆ ಅವಳೇ ಮಾಡಿದಳು. "ಬೆಳಿಗ್ಗೆ ಬರೋವಾಗ ಚೆನ್ನಾಗಿರತ್ತೆ ಕಣೇ. ಸಂಜೆ ಹೋಗೋವಾಗ ಮಾತ್ರ ಕಟ್ ಆಗತ್ತೆ. ನಿನಗೆ ಹ್ಯಾಗೆ ಹೇಳ್ಲಿ? ಅರ್ಧ ಆದ್ರೂ ಆಯ್ತಲ್ಲ ಅಂತ ಸುಮ್ಮನಿದ್ದೆ."

ಅರ್ಧ ಗೆದ್ದದ್ದು ಗೆಲುವಲ್ಲ. ಮರುದಿನ ಅವರ ಆಫೀಸಿಗೆ ಹೋದೆ. ಮೆಟ್ಟಿಲು ಹತ್ತುವಾಗ ಎಲ್ಲಿ ಕೂತಿದ್ದರು ಅಂತ ಯಾರನ್ನೂ ಕೇಳಲಿಲ್ಲ. ಎರಡನೇ ಮಹಡಿ. ಕಿಟಕಿಯ ಹತ್ತಿರ ಅವರ ಕುರ್ಚಿ, ಯಾರೂ ಕೂತಿರಲಿಲ್ಲ. ಅದರ ಪಕ್ಕದ್ದು ಕನ್ನಡಕದ ಕುರ್ಚಿ. ನನ್ನನ್ನು ಕಂಡು ಎದ್ದು ನಿಂತರು.

"ಸಂಜೆ ಹೊತ್ತು ತಿರುವಿನಲ್ಲಿ ಮಾತು ಕಟ್ ಆಗ್ತಿದೆ," ಅಂದೆ.

ಅವರು ಕನ್ನಡಕ ತೆಗೆದು ಒರೆಸಿದರು. "ಗೊತ್ತು ಅತ್ತಿಗೆ. ಮೊದಲ ದಿನವೇ ಗೊತ್ತಾಯ್ತು."

"ಮತ್ತೆ?"

"ಊರಾಚೆ ಹೊಸ ಕಂಟ್ರೋಲರ್, ಊರೊಳಗೆ ಹಳೇದು. ತಿರುವಿನ ಟವರು ಹೊಸದರ ಕೈಕೆಳಗಿದೆ. ಊರಿನ ಟವರು ನಿನ್ನ ನೆರೆಯವರು ಅಂತ ಬೀಗರು ಹೊಸದಕ್ಕೆ ಹೇಳಿದ್ದಾರೆ. ಹಾಗಾಗಿ ಬೆಳಿಗ್ಗೆ ಬರೋ ಮಾತನ್ನ ಅದು ದಾಟಿಸತ್ತೆ. ತಿರುವಿನ ಟವರು ನಿನ್ನ ನೆರೆಯವರು ಅಂತ ಹಳೇದಕ್ಕೂ ಹೇಳ್ಬೇಕಿತ್ತು. ಅದೊಂದನ್ನ ಬರೆದಿಲ್ಲ. ಬೇರೆ ಎಲ್ಲಾ ಕಡೆ ಎರಡೂ ಕಡೆಯಿಂದ ಬರೆದಿದ್ದಾರೆ. ಇಲ್ಲೊಂದು ಕಡೆ ಒಂದೇ."

ನನಗೆ ತಟ್ಟನೆ ತಿಳಿಯಿತು. ಅವರು ಆ ದಾರಿಯಲ್ಲಿ ಫೋನು ಹಿಡಿದು ನೋಡಿದ್ದು ಬೆಳಗಿನ ಬಸ್ಸಿನಲ್ಲಿ, ಒಮ್ಮೆ. ಅವರ ತಲೆಯಲ್ಲಿ ಬಸ್ಸು ಊರ ಕಡೆಗೇ ಬರುತ್ತಿತ್ತು. ನಾನು ಬಯ್ಯುತ್ತಲೇ ಇದ್ದೆ. ವಾಪಸು ಹೋಗುವ ಬಸ್ಸು ಅವರಿಗೆ ಕಾಣಲೇ ಇಲ್ಲ.

"ಗೊತ್ತಿದ್ದೂ ಯಾಕೆ ಸರಿ ಮಾಡಿಲ್ಲ?" ಅಂದೆ.

"ಕೈ ಬರ್ತಿಲ್ಲ ಅತ್ತಿಗೆ. ಅವರ ಕೊನೇ ಕೆಲಸ. ಅದರಲ್ಲಿ ತಪ್ಪಿದೆ ಅಂತ ಬರೆದು ಸಹಿ ಹಾಕೋರು ಯಾರು? ಆಫೀಸಲ್ಲಿ ಯಾರೂ ಮುಂದೆ ಬರ್ತಿಲ್ಲ."

ನನಗೆ ಸಿಟ್ಟು ಬಂತು, ನಗುವೂ ಬಂತು. "ಹೊಲಿದೋರು ಸತ್ತುಹೋದ್ರು ಅಂತ ಯಾರಾದ್ರೂ ವಾರೆ ಪ್ಯಾಂಟ್ ಹಾಕ್ಕೊಂಡು ಓಡಾಡ್ತಾರೇನ್ರಿ? ಬಿಚ್ಚಿ ಹೊಲೀಬೇಕು. ಅವರಿದ್ದಿದ್ರೆ ಆವತ್ತೇ ಬಿಚ್ತಿದ್ರು. ನೋಡ್ಕೊಂಡು ಸುಮ್ಮನಿದ್ದಿದ್ದಕ್ಕೆ ನಿಮಗೆ ಎರಡು ಬಯ್ತಿದ್ರು."

"ಬಯ್ತಿದ್ರು," ಅಂದರು. ಕಣ್ಣು ಒದ್ದೆಯಾಗಿತ್ತು, ಬಾಯಿ ನಗುತ್ತಿತ್ತು. "ನಿಮ್ಮಷ್ಟು ಚೆನ್ನಾಗಿ ಅಲ್ಲ. ಆ ಬಸ್ಸಿನ ವಿಷಯ ನಮಗೆಲ್ಲ ಹೇಳಿದ್ರು."

"ಹೇಳಿದ್ರಾ?"

"ಹೇಳಿದ್ರು ಅಂದ್ರೆ? ಕತ್ತರಿ, ಟವಲು, ಎಲ್ಲಾ. ಮಾಡಿ ತೋರಿಸಿದ್ರು."

ನಾನು ಅವರ ಕುರ್ಚಿಯಲ್ಲಿ ಕೂತೆ. ಬೇರೆ ಕುರ್ಚಿ ಇರಲಿಲ್ಲ. ಕನ್ನಡಕ ಟೈಪು ಮಾಡತೊಡಗಿದರು. ಒಂದು ಹಂತಕ್ಕೆ ಬಂದು ಕೈ ನಿಲ್ಲಿಸಿ, "ಕೊನೇ ಬಟನ್ ನೀವೇ ಒತ್ತಿ ಅತ್ತಿಗೆ," ಅಂದರು.

"ನಾನ್ಯಾಕೆ ಒತ್ಲಿ? ಸಂಬಳ ತಗೊಳ್ಳೋರು ನೀವು," ಅಂದೆ. ಅವರೇ ಒತ್ತಿದರು.

"ಅಷ್ಟೇನಾ?"

"ಅಷ್ಟೇ. ಇವತ್ತು ಸಂಜೆ ನೋಡಿ."

ಮನೆಗೆ ಬಂದು ಅತ್ತೆಗೆ ಹೇಳಿದೆ. ನೊಂದುಕೊಳ್ಳುತ್ತಾರೆ ಅಂದುಕೊಂಡಿದ್ದೆ.

"ಒಂದು ಕಡೆ ಜೋಡಿಸಿ ಇನ್ನೊಂದು ಕಡೆ ಮರೆತನಾ?" ಅಂದರು. "ನನ್ನ ಮಗನೇ ಸರಿ. ನಾನೂ ಒಮ್ಮೆ ಹಾಗೇ ಮಾಡಿದ್ದೆ. ಹೆಂಡ್ತಿ ಮಾತು ಗಂಡನಿಗೆ ಕೇಳ್ತಿತ್ತು, ಗಂಡನ ಮಾತು ಹೆಂಡ್ತಿಗೆ ಕೇಳ್ತಿರ್ಲಿಲ್ಲ. ಅವಳು ನಿಲ್ಲಿಸದೆ ಅರ್ಧ ಗಂಟೆ ಮಾತಾಡಿದ್ಲು. ಕೊನೆಗೆ, ನೀವು ಇಷ್ಟು ತಾಳ್ಮೆಯಿಂದ ಯಾವತ್ತೂ ಕೇಳಿರ್ಲಿಲ್ಲ ಅಂತ ಅತ್ಲು." ಹೇಳಿ ನಕ್ಕರು. ನಗುತ್ತಾ ನಗುತ್ತಾ ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಪಕ್ಕದಲ್ಲಿ ಕೂತೆ. ಅವರು ಹೋದ ದಿನದಿಂದ ಅತ್ತೆ ಅತ್ತಿರಲಿಲ್ಲ. ಆವತ್ತು ಅತ್ತರು. ಒಳ್ಳೆಯದಾಯಿತು.

ಸಂಜೆ ಅಕ್ಕನಿಗೆ ವಿಷಯ ತಿಳಿಸಿದೆ. ಆಗ ಅವಳು ಬಸ್ಸಿನಲ್ಲಿದ್ದಳು.

"ಬರೋದನ್ನ ಬರೆದು ಹೋಗೋದನ್ನ ಬರೀಲಿಲ್ವಾ?" ಅಂದಳು. "ನೋಡು, ಬಾಯಲ್ಲಿ ಮಾತ್ರ ನನ್ನನ್ನ ಗೇಲಿ ಮಾಡ್ತಿದ್ರು. ಮನಸ್ಸಿನಲ್ಲಿ ಅಕ್ಕ ಬರಬೇಕು, ಹೋಗಬಾರದು ಅಂತಿತ್ತು."

"ಹಾಗಂದ್ಕೋ."

"ಹಾಗೇ ಅಂದ್ಕೋತೀನಿ. ನೀನು ಯಾರು ಬೇಡ ಅನ್ನೋಕೆ?" ಅಲ್ಲಿಂದ ಜಗಳ ಹತ್ತಿತು. ಅವರು ನನ್ನ ಕಡೆಗೆ ಹೆಚ್ಚೋ ಅವಳ ಕಡೆಗೆ ಹೆಚ್ಚೋ ಅಂತ ವಾದ ಮಾಡಿದೆವು. ಅವಳ ಸೀಟಿನ ಪಕ್ಕದವರು ಯಾರೋ ಮೆಲ್ಲಗೆ ಮಾತಾಡಿ ಅಂದದ್ದೂ ಕೇಳಿಸಿತು. ವಾದ ಮುಗಿಯುವ ಹೊತ್ತಿಗೆ ಅವಳು ತನ್ನ ಮನೆಯ ಬೀಗ ತೆಗೆಯುತ್ತಿದ್ದಳು. ತಿರುವು ಯಾವಾಗ ದಾಟಿತೋ ಇಬ್ಬರಿಗೂ ಗೊತ್ತಾಗಿರಲಿಲ್ಲ.

ಈಗ ಬೆಳಿಗ್ಗೆ ನಾನು ಅತ್ತೆಯ ತಲೆ ಬಾಚುತ್ತೇನೆ. ಅವರ ತೋಳು ಮೇಲಕ್ಕೆ ಏಳುವುದಿಲ್ಲ. ಇದು ಅವರ ಮಗ ಮಾಡುತ್ತಿದ್ದ ಕೆಲಸ. ನನ್ನ ಕೈ ಒರಟು ಅಂತ ದಿನಾ ದೂರುತ್ತಾರೆ. ಫೋನು ಸ್ಪೀಕರಿಗೆ ಹಾಕಿ ಕಿಟಕಿಯ ಕಟ್ಟೆಯ ಮೇಲಿಡುತ್ತೇನೆ, ಅಕ್ಕ ಮಾತಾಡುತ್ತಿರುತ್ತಾಳೆ. ಕಲ್ಲು ಒಡೆಯುವ ಮಿಷನ್ನಿನ ಸದ್ದು ಕೇಳಿದ ಕೂಡಲೇ ಅತ್ತೆ ಬೆರಳೆತ್ತುತ್ತಾರೆ. ಬಾಚಣಿಗೆ ನಿಲ್ಲಿಸುತ್ತೇನೆ. ಸದ್ದು ಹಿಂದಾಗುತ್ತದೆ, ಅಕ್ಕನ ಮಾತು ಮುಂದುವರಿಯುತ್ತದೆ. ಅತ್ತೆ ಬೆರಳು ಇಳಿಸುತ್ತಾರೆ. ನಾನು ಸಿಕ್ಕು ಬಿಡಿಸಿ ಜಡೆ ಹೆಣೆಯುತ್ತೇನೆ.